ಕೌಂಟರಿನ ಆಚೆಗೆ ಹೋಗುವ ಕ್ರೋಮ್‌ಬುಕ್: ಗ್ರಂಥಾಲಯ ಸಿಬ್ಬಂದಿಯ ತರಬೇತಿಯೊಂದರ ವಿಮರ್ಶೆ

ವಿದ್ಯಾರ್ಥಿಗಳಿಗೆ ಕ್ರೋಮ್‌ಬುಕ್‌ಗಳನ್ನು, ಅಂದರೆ ಗೂಗಲ್‌ನ ಕಾರ್ಯಾಚರಣಾ ವ್ಯವಸ್ಥೆಯಿರುವ ಲ್ಯಾಪ್‌ಟಾಪ್‌ಗಳನ್ನು ಎರವಲು ಕೊಡುವ ಗ್ರಂಥಾಲಯಗಳಲ್ಲಿ, ಸಹಾಯ ಬೇಕಾದವರು ಕಂಪ್ಯೂಟರ್ ವಿಭಾಗವನ್ನು ಹುಡುಕಿಕೊಂಡು ಹೋಗುವುದಿಲ್ಲ. ಯಂತ್ರ ಕೊಟ್ಟವರು ಕೌಂಟರಿನಲ್ಲಿ ಎದುರಿಗೇ ಕುಳಿತಿರುವುದರಿಂದ ನೇರವಾಗಿ ಅವರ ಬಳಿಗೇ ಬರುತ್ತಾರೆ. ಅಂಥ ಸಿಬ್ಬಂದಿಗಾಗಿಯೇ ರೂಪಿಸಲಾದ ಒಂದು ತರಬೇತಿಯನ್ನು, ಅದರ ವೀಡಿಯೊ ಪಾಠಗಳು, ಕಾರ್ಯಾಗಾರ ಮತ್ತು ಕೈಪಿಡಿ ಈ ಮೂರನ್ನೂ ಗಮನದಲ್ಲಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ತೊಂದರೆ ಎಲ್ಲಿ ಹುಟ್ಟಿದೆ ಎಂದು ಗುರುತಿಸುವುದನ್ನು ಈ ತರಬೇತಿ ಬಹಳ ಚೆನ್ನಾಗಿ ಕಲಿಸುತ್ತದೆ. ಆದರೆ ಲ್ಯಾಪ್‌ಟಾಪ್ ಗ್ರಂಥಾಲಯದ ಬಾಗಿಲು ದಾಟಿದ ಮೇಲೆ ವಿದ್ಯಾರ್ಥಿಯ ಗತಿಯೇನು ಎಂಬ ಪ್ರಶ್ನೆಯನ್ನು ಅದು ಬಹುತೇಕ ಮರೆತೇಬಿಟ್ಟಿದೆ.

ಮೊದಲ ಪಾಠದಲ್ಲಿ ಇತಿಹಾಸಕ್ಕೆ ಹೆಚ್ಚು ಸಮಯ ಕೊಟ್ಟಿಲ್ಲ. ಕ್ರೋಮ್‌ಬುಕ್‌ಗಳು 2011ರಲ್ಲಿ ಮಾರುಕಟ್ಟೆಗೆ ಬಂದವು, ಅವುಗಳ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಆಧಾರಿತವಾದದ್ದು, ವಿಂಡೋಸ್‌ಗಾಗಿ ಬರೆದ ತಂತ್ರಾಂಶವನ್ನು ಅದರಲ್ಲಿ ನೇರವಾಗಿ ಅಳವಡಿಸಲು ಬರುವುದಿಲ್ಲ ಎಂಬಷ್ಟನ್ನು ಹೇಳಿ ಪಾಠ ಮುಂದೆ ಸಾಗುತ್ತದೆ. ಕೌಂಟರಿನ ಕೆಲಸಕ್ಕೆ ಅಷ್ಟು ಸಾಕು. ಅದರ ಬೆನ್ನಿಗೇ ಬರುವ ಎರಡು ಪ್ರಯೋಗಗಳು ಮಾತ್ರ ಇಡೀ ತರಬೇತಿಯ ಬೆನ್ನೆಲುಬು ಎನ್ನಬಹುದು. ಮೊದಲನೆಯದರಲ್ಲಿ ಸಿಬ್ಬಂದಿ ಒಂದು ಲ್ಯಾಪ್‌ಟಾಪಿನಲ್ಲಿ ಗೂಗಲ್ ಡಾಕ್ಸ್ ತೆರೆದು ನಾಲ್ಕು ಸಾಲು ಬರೆಯುತ್ತಾರೆ, ಯಾವ ಗುಂಡಿಯನ್ನೂ ಒತ್ತದೆ ಅದನ್ನು ಮುಚ್ಚಿಟ್ಟು, ಮತ್ತೊಂದು ಲ್ಯಾಪ್‌ಟಾಪಿನಲ್ಲಿ ಅದೇ ಖಾತೆಗೆ ಲಾಗಿನ್ ಆಗಿ ಬರೆಹವನ್ನು ಮುಂದುವರಿಸುತ್ತಾರೆ. ಎರಡನೆಯದರಲ್ಲಿ ಜಾಲತಾಣವೊಂದರಿಂದ ಪಿಡಿಎಫ್ ಒಂದನ್ನು ಇಳಿಸಿಕೊಂಡು, ಮತ್ತೆ ಯಂತ್ರ ಬದಲಿಸಿ, ಅದನ್ನು ಹುಡುಕುತ್ತಾರೆ. ಅದು ಸಿಗುವುದಿಲ್ಲ, ಏಕೆಂದರೆ ಡೌನ್‌ಲೋಡ್ಸ್ ಎಂಬ ಕಡತಕೋಶವು ಖಾತೆಯ ಜೊತೆಗೆ ಬಾರದೆ ಆ ಯಂತ್ರದಲ್ಲೇ ಉಳಿಯುತ್ತದೆ. ‘ನನ್ನ ಫೈಲ್ ಎಲ್ಲಿ ಹೋಯಿತು?’ ಎಂಬುದೇ ಕೌಂಟರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ. ಅದಕ್ಕೆ ಉತ್ತರ ಸಿಬ್ಬಂದಿಗೆ ಈ ಎರಡು ಪ್ರಯೋಗಗಳಿಂದ ದಕ್ಕಿದಷ್ಟು ಚೆನ್ನಾಗಿ ಯಾವ ರೇಖಾಚಿತ್ರದಿಂದಲೂ ದಕ್ಕುವುದಿಲ್ಲ. ಖಾತೆಗೆ ಲಾಗಿನ್ ಆಗದೆ ಮಾಡುವ ಅತಿಥಿ ಬಳಕೆಯಲ್ಲಿ, ಅಂದರೆ ಗೆಸ್ಟ್ ಮೋಡ್‌ನಲ್ಲಿ ಇಳಿಸಿಕೊಂಡ ಫೈಲುಗಳು ಹೊರಬಂದ ಕ್ಷಣದಲ್ಲೇ ಅಳಿಸಿಹೋಗುತ್ತವೆ ಎಂಬುದನ್ನೂ ಇಲ್ಲಿಯೇ ಮಾಡಿ ತೋರಿಸಿದ್ದರೆ ಪಾಠ ಪೂರ್ಣವಾಗುತ್ತಿತ್ತು. ಕೈಪಿಡಿಯಲ್ಲಿ ಆ ಮಾತು ಒಂದೇ ಸಾಲಿನಲ್ಲಿ ಬಂದುಹೋಗುತ್ತದೆ.

ಕೀಲಿಮಣೆಯ ಪಾಠ ಅಗತ್ಯಕ್ಕಿಂತ ಉದ್ದವಾಗಿದೆ. ಬಹುಪಾಲು ಕ್ರೋಮ್‌ಬುಕ್‌ಗಳಲ್ಲಿ ಕ್ಯಾಪ್ಸ್ ಲಾಕ್ ಇರಬೇಕಾದ ಜಾಗದಲ್ಲಿ ಸರ್ಚ್ ಕೀಲಿ ಇರುತ್ತದೆ, ಆಲ್ಟ್ ಮತ್ತು ಸರ್ಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕ್ಯಾಪ್ಸ್ ಲಾಕ್ ಕೆಲಸ ಮಾಡುತ್ತದೆ ಎಂಬುದು ಪಾಸ್‌ವರ್ಡ್ ಟೈಪಿಸುವಾಗ ಪರದಾಡುವ ವಿದ್ಯಾರ್ಥಿಗೆ ನಿಜಕ್ಕೂ ಬೇಕಾದ ಮಾಹಿತಿ. ಉಳಿದ ಹತ್ತಾರು ಶಾರ್ಟ್‌ಕಟ್ ಕೀಲಿಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಒಂದು ಹಾಳೆಯಲ್ಲಿ ಮುದ್ರಿಸಿ ಕೌಂಟರಿನಲ್ಲಿ ಅಂಟಿಸಿದ್ದರೆ ಆ ಸಮಯ ಬೇರೆಯದಕ್ಕೆ ಉಳಿಯುತ್ತಿತ್ತು.

ತರಬೇತಿಯ ನಿಜವಾದ ಬೆಲೆ ಕಾಣುವುದು ಕಾರ್ಯಾಗಾರದಲ್ಲಿ. ಯಾವುದೇ ದೂರು ಬಂದರೂ ಅದರ ಮೂಲ ಯಂತ್ರದಲ್ಲಿದೆಯೇ, ಜಾಲಸಂಪರ್ಕದಲ್ಲಿದೆಯೇ, ವಿದ್ಯಾರ್ಥಿಯ ಖಾತೆಯಲ್ಲಿದೆಯೇ ಅಥವಾ ಸಂಸ್ಥೆಯ ನಿರ್ವಾಹಕರು ಹಾಕಿರುವ ನಿರ್ಬಂಧದಲ್ಲಿದೆಯೇ ಎಂದು ಮೊದಲು ಬೇರ್ಪಡಿಸಬೇಕು, ಆಮೇಲಷ್ಟೇ ಕೈ ಹಾಕಬೇಕು ಎಂಬುದು ಅಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸುವ ವಿಷಯ. ಉದಾಹರಣೆಗೆ, ಪಾಠದ ಪುಟವೊಂದು ತೆರೆಯುತ್ತಿಲ್ಲ ಎಂದು ವಿದ್ಯಾರ್ಥಿ ದೂರಿದರೆ, ಬೇರೆ ಯಾವುದಾದರೂ ಪುಟ ತೆರೆಯುತ್ತದೆಯೇ ಎಂದು ಮೊದಲು ನೋಡಬೇಕು. ಅದೂ ತೆರೆಯದಿದ್ದರೆ ವೈಫೈ ಬಳಸುವ ಮುನ್ನ ಒಪ್ಪಿಗೆ ಕೊಡಬೇಕಾದ ಪುಟ ಎಲ್ಲೋ ಹಿಂದೆ ಕಾದು ಕುಳಿತಿರುವ ಸಾಧ್ಯತೆಯೇ ಹೆಚ್ಚು. ಬೇರೆ ಪುಟಗಳು ತೆರೆಯುತ್ತವೆ ಎಂದಾದರೆ, ಅದೇ ಖಾತೆಯನ್ನು ಪಕ್ಕದ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಬೇಕು. ಅಲ್ಲಿಯೂ ತೊಂದರೆ ಕಾಣಿಸಿದರೆ ಯಂತ್ರದ ಮೇಲೆ ಅನುಮಾನಪಡುವುದನ್ನು ಬಿಟ್ಟು ಖಾತೆಯನ್ನೋ ನಿರ್ಬಂಧವನ್ನೋ ವಿಚಾರಿಸಬೇಕು. ಗೆಸ್ಟ್ ಮೋಡ್‌ನಲ್ಲಿ ಪರೀಕ್ಷಿಸಿ ಎಂಬ ಸಲಹೆಯೂ ಇದೆ, ಆದರೆ ನಿರ್ವಹಿತ ಯಂತ್ರಗಳಲ್ಲಿ, ಅಂದರೆ ಸಂಸ್ಥೆಯ ಹಿಡಿತದಲ್ಲಿರುವ ಯಂತ್ರಗಳಲ್ಲಿ, ನಿರ್ವಾಹಕರು ಆ ಸೌಲಭ್ಯವನ್ನು ಮುಚ್ಚಿರಬಹುದಾದ್ದರಿಂದ ಪಕ್ಕದ ಲ್ಯಾಪ್‌ಟಾಪಿನ ಉಪಾಯವೇ ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಒಬ್ಬರು ವಿದ್ಯಾರ್ಥಿಯಾಗಿ, ಇನ್ನೊಬ್ಬರು ಸಿಬ್ಬಂದಿಯಾಗಿ ನಟಿಸುವ ಈ ಅಭ್ಯಾಸದಲ್ಲಿ ಆರಂಭದ ಸಂಕೋಚ ಕಳೆದ ಮೇಲೆ, ತಮಗೆ ಕಂಪ್ಯೂಟರ್ ತಿಳಿಯದು ಎಂದು ಹಿಂಜರಿಯುತ್ತಿದ್ದವರೇ ಹೆಚ್ಚು ತಾಳ್ಮೆಯಿಂದ ಪ್ರಶ್ನೆ ಕೇಳುವುದನ್ನು ಗಮನಿಸಿದೆ. ತಿಳಿದವರು ಉತ್ತರಕ್ಕೆ ಅವಸರ ಮಾಡುತ್ತಿದ್ದರು.

ಸಹಾಯ ಮಾಡುವಾಗ ಟಚ್‌ಪ್ಯಾಡ್ ಮೇಲೆ ವಿದ್ಯಾರ್ಥಿಯ ಬೆರಳೇ ಇರಬೇಕು, ಸಿಬ್ಬಂದಿ ಬಾಯಿಮಾತಿನಲ್ಲಿ ಮಾತ್ರ ದಾರಿ ತೋರಿಸಬೇಕು ಎಂಬ ನಿಯಮವನ್ನೂ ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ವಿದ್ಯಾರ್ಥಿ ಕಲಿಯುತ್ತಾನೆ ಎಂಬುದು ಒಂದು ಕಾರಣವಾದರೆ, ಅವನ ಇಮೇಲ್, ಅಂಕಪಟ್ಟಿ, ಖಾಸಗಿ ಬರೆಹಗಳು ತೆರೆದುಕೊಂಡಿರುವ ಪರದೆಯಲ್ಲಿ ಬೇರೆಯವರ ಕೈ ಆಡಬಾರದು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಪಾಸ್‌ವರ್ಡನ್ನು ಕೇಳಬಾರದು, ಬರೆದಿಟ್ಟುಕೊಳ್ಳಬಾರದು, ವಿದ್ಯಾರ್ಥಿಯೇ ಕೊಟ್ಟರೂ ಅವನ ಪರವಾಗಿ ಟೈಪಿಸಬಾರದು ಎಂಬುದು ಸ್ಪಷ್ಟವಾಗಿದೆ. ಕೌಂಟರಿನ ಮುಂದೆ ಸಾಲು ಬೆಳೆದಾಗ ಈ ನಿಯಮವನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದಕ್ಕೆ ತರಬೇತುದಾರರ ಬಳಿ ಉತ್ತರವಿರಲಿಲ್ಲ. ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲೂ ದೃಢಪಡಿಸಬೇಕಾದ ಎರಡು ಹಂತದ ದೃಢೀಕರಣವನ್ನು ಇಟ್ಟುಕೊಂಡಿರುವ ವಿದ್ಯಾರ್ಥಿ ಫೋನನ್ನು ಮರೆತು ಬಂದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಮಾತ್ರ ಪ್ರಾಮಾಣಿಕವಾದ ಉತ್ತರವೇ ಸಿಕ್ಕಿತು: ಅವನು ಮೊದಲೇ ತೆಗೆದಿಟ್ಟುಕೊಂಡ ಬ್ಯಾಕಪ್ ಕೋಡ್‌ನಂಥ ಬೇರೆ ದಾರಿ ಇಲ್ಲದಿದ್ದರೆ ಸಿಬ್ಬಂದಿಯಿಂದ ಆಗುವುದೇನೂ ಇಲ್ಲ.

ನಾನು ಬಲವಾಗಿ ಆಕ್ಷೇಪಿಸುವ ಒಂದು ಭಾಗವೆಂದರೆ ಪವರ್‌ವಾಶ್‌ನ ಪಾಠ. ಯಂತ್ರವನ್ನು ಹೊಸದಾಗಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವ ಈ ಕ್ರಿಯೆಯನ್ನು ವೀಡಿಯೊ ಪಾಠವು ಎಲ್ಲ ಕಾಯಿಲೆಗೂ ಒಂದೇ ಮದ್ದು ಎಂಬಂತೆ ಬಣ್ಣಿಸುತ್ತದೆ. ಪವರ್‌ವಾಶ್ ಮಾಡಿದರೆ ಆ ಯಂತ್ರದಲ್ಲಿ ಉಳಿದಿರುವ ಎಲ್ಲ ಬಳಕೆದಾರರ ಸ್ಥಳೀಯ ಫೈಲುಗಳೂ ಅಳಿಯುತ್ತವೆ. ಡೌನ್‌ಲೋಡ್ಸ್‌ನಲ್ಲಿ ಮಾತ್ರ ಇದ್ದ ಪ್ರಬಂಧದ ಕರಡು ಮರಳಿ ಬರುವುದಿಲ್ಲ. ನಿರ್ವಹಿತ ಯಂತ್ರವಾದರೆ ಅದನ್ನು ಮತ್ತೆ ಸಂಸ್ಥೆಯ ನಿರ್ವಹಣೆಗೆ ನೋಂದಾಯಿಸಬೇಕಾಗುತ್ತದೆ, ಆ ಕೆಲಸ ಕೌಂಟರಿನ ಅಧಿಕಾರವನ್ನು ಮೀರಿದ್ದು. ಯಂತ್ರ ಸ್ತಬ್ಧವಾಗಿದ್ದಾಗ ರಿಫ್ರೆಶ್ ಕೀಲಿ ಹಿಡಿದು ಪವರ್ ಗುಂಡಿ ಒತ್ತುವ ಹಾರ್ಡ್ ರಿಸೆಟ್ ಬಹಳ ಸಲ ಸಾಕಾಗುತ್ತದೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಪಾಠ ಅಪಾಯಕಾರಿ.

ಇನ್ನು ಬಾಗಿಲಾಚೆಯ ವಿಷಯ. ಮನೆಯಲ್ಲಿ ಲ್ಯಾಪ್‌ಟಾಪಾಗಲಿ ಅಂತರ್ಜಾಲವಾಗಲಿ ಇಲ್ಲದ ವಿದ್ಯಾರ್ಥಿಯೇ ಈ ಎರವಲನ್ನು ಹೆಚ್ಚು ನೆಚ್ಚಿಕೊಂಡವನು. ಕ್ರೋಮ್‌ಬುಕ್ ಅಂತರ್ಜಾಲವಿಲ್ಲದೆ ಕೆಲಸಕ್ಕೇ ಬಾರದು ಎಂಬ ಮಾತು ತಪ್ಪು. ಆದರೆ ಗೂಗಲ್ ಡಾಕ್ಸ್‌ನಲ್ಲಿ ಆಫ್‌ಲೈನ್ ಆಗಿ ಬರೆಯಬೇಕಾದರೆ, ಸಂಪರ್ಕವಿರುವಾಗಲೇ ಗೂಗಲ್‌ನ ಅಂತರ್ಜಾಲ ಸಂಗ್ರಹವಾದ ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಸೌಲಭ್ಯವನ್ನು ಚಾಲೂ ಮಾಡಿ, ಬೇಕಾದ ಕಡತಗಳನ್ನು ಆಫ್‌ಲೈನ್ ಬಳಕೆಗೆ ಗುರುತಿಸಿಟ್ಟಿರಬೇಕು. ಅದನ್ನು ಹೊಸ ಯಂತ್ರದಲ್ಲಿ ಹೊಸದಾಗಿಯೇ ಮಾಡಬೇಕು, ಮತ್ತು ನಿರ್ವಾಹಕರು ಅನುಮತಿ ಕೊಟ್ಟಿರಬೇಕು. ಅಂದರೆ ಈ ಕೆಲಸ ಆಗಬೇಕಾದ ಸರಿಯಾದ ಸ್ಥಳ ಎರವಲು ಕೌಂಟರೇ, ಸರಿಯಾದ ಹೊತ್ತು ಲ್ಯಾಪ್‌ಟಾಪನ್ನು ಕೈಗೆ ಕೊಡುವ ಹೊತ್ತು. ಮರಳಿ ಒಪ್ಪಿಸುವ ಮುನ್ನ ಒಮ್ಮೆ ಸಂಪರ್ಕಕ್ಕೆ ಬಂದು, ಆಫ್‌ಲೈನ್‌ನಲ್ಲಿ ಬರೆದದ್ದು ಡ್ರೈವ್‌ಗೆ ಸೇರಿತೇ ಎಂದು ನೋಡಿಕೊಳ್ಳಬೇಕೆಂಬುದನ್ನೂ ಹೇಳಿಕೊಡಬೇಕು. ಇಲ್ಲವಾದರೆ ರಾತ್ರಿಯೆಲ್ಲ ಬರೆದದ್ದು ಮುಂದಿನ ಎರವಲುಗಾರನಿಗಾಗಿ ಯಂತ್ರವನ್ನು ಶುಚಿಗೊಳಿಸುವಾಗ ಅಳಿದುಹೋಗುತ್ತದೆ. ಇಷ್ಟು ಮುಖ್ಯವಾದ ವಿಷಯಕ್ಕೆ ಕಾರ್ಯಾಗಾರದಲ್ಲಿ ಅಭ್ಯಾಸವೇ ಇಲ್ಲ, ಕೈಪಿಡಿಯಲ್ಲಿ ಒಂದು ಚಿಕ್ಕ ಪ್ಯಾರಾ ಇದೆ ಅಷ್ಟೆ.

ಕೈಪಿಡಿಯನ್ನು ಪರಿಷ್ಕರಿಸಿಯೂ ಬಹಳ ಕಾಲವಾಗಿರುವಂತೆ ತೋರುತ್ತದೆ. 2020ರ ಡಿಸೆಂಬರ್ ಕೊನೆಯಲ್ಲಿ ಗೂಗಲ್ ನಿಲ್ಲಿಸಿದ, ಅಂತರ್ಜಾಲದ ಮೂಲಕ ಮುದ್ರಿಸುವ ಕ್ಲೌಡ್ ಪ್ರಿಂಟ್ ಸೇವೆಯನ್ನೇ ಮುದ್ರಣದ ಅಧ್ಯಾಯ ಇನ್ನೂ ವಿವರಿಸುತ್ತಿದೆ; ಈಗ ಜಾಲಕ್ಕೆ ಜೋಡಿಸಿದ ಮುದ್ರಕವನ್ನು ಯಂತ್ರದ ಸೆಟ್ಟಿಂಗ್ಸ್‌ನಲ್ಲೇ ಸೇರಿಸಿಕೊಳ್ಳುವುದು ವಾಡಿಕೆ. 2021ರಿಂದ ಬಂದ ಮಾದರಿಗಳಿಗೆ ಹತ್ತು ವರ್ಷ ಸ್ವಯಂಚಾಲಿತ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿದ್ದೂ ಅದರಲ್ಲಿಲ್ಲ. ಹಳೆಯ ಯಂತ್ರಗಳ ಅಪ್‌ಡೇಟ್ ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಆಯಾ ಯಂತ್ರದ ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತದೆಂದು ಸಿಬ್ಬಂದಿಗೆ ತಿಳಿದಿದ್ದರೆ, ಯಾವುದನ್ನು ಎರವಲಿನಿಂದ ಹಿಂತೆಗೆಯಬೇಕು ಎಂಬುದೂ ತಿಳಿದಂತಾಗುತ್ತದೆ.

ನಿರೀಕ್ಷೆಗೆ ಮೀರಿ ಚೆನ್ನಾಗಿದ್ದ ಭಾಗ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ಪರದೆಯನ್ನು ಓದಿ ಹೇಳುವ ಕ್ರೋಮ್‌ವಾಕ್ಸ್ ಯಂತ್ರದಲ್ಲೇ ಅಡಕವಾಗಿದೆ. ಕಂಟ್ರೋಲ್, ಆಲ್ಟ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಶುರುವಾಗುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದು ಪುಟವನ್ನು ಹುಡುಕಿ ತೆರೆಯುವ ಕೆಲಸವನ್ನು ಪ್ರತಿಯೊಬ್ಬರಿಂದಲೂ ಮಾಡಿಸಿದರು. ಯಾರೋ ಅರಿಯದೆ ಆ ಕೀಲಿಗಳನ್ನು ಒತ್ತಿ, ನಿಶ್ಶಬ್ದವಾದ ಓದುಕೋಣೆಯಲ್ಲಿ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಮಾತನಾಡಲು ತೊಡಗಿದಾಗಲೂ ಈ ಜ್ಞಾನ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಲ್ಯಾಪ್‌ಟಾಪ್ ಎರವಲನ್ನು ಹೊಸದಾಗಿ ಆರಂಭಿಸುತ್ತಿರುವ ಗ್ರಂಥಾಲಯಕ್ಕೆ ಈ ತರಬೇತಿಯನ್ನು ನಾನು ಶಿಫಾರಸು ಮಾಡುತ್ತೇನೆ, ಅದರಲ್ಲೂ ಕಾರ್ಯಾಗಾರವನ್ನು. ವೀಡಿಯೊಗಳಷ್ಟನ್ನೇ ಕೊಳ್ಳುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಒಪ್ಪಿಕೊಳ್ಳುವ ಮುನ್ನ ಗ್ರಂಥಾಲಯದ ಮುಖ್ಯಸ್ಥರು ಎರಡು ಕೆಲಸ ಮಾಡಬೇಕು. ಗೆಸ್ಟ್ ಮೋಡ್, ಆಫ್‌ಲೈನ್ ಬಳಕೆ, ಪವರ್‌ವಾಶ್ ಇವುಗಳಲ್ಲಿ ಯಾವುದಕ್ಕೆ ತಮ್ಮಲ್ಲಿ ಅನುಮತಿಯಿದೆ ಎಂಬುದನ್ನು ಕಂಪ್ಯೂಟರ್ ವಿಭಾಗದಿಂದ ಬರೆಹದಲ್ಲಿ ಪಡೆದು ತರಬೇತುದಾರರಿಗೆ ಮುಂಚಿತವಾಗಿ ತಲುಪಿಸಬೇಕು. ಅಭ್ಯಾಸಕ್ಕೆ ಅವರು ತರುವ ಯಂತ್ರಗಳ ಬದಲಿಗೆ ತಾವು ಎರವಲು ಕೊಡುವ ಯಂತ್ರಗಳನ್ನೇ ಬಳಸಬೇಕೆಂದು ಪಟ್ಟು ಹಿಡಿಯಬೇಕು, ಏಕೆಂದರೆ ನಿರ್ಬಂಧಗಳಿಲ್ಲದ ಲ್ಯಾಪ್‌ಟಾಪಿನಲ್ಲಿ ಕಲಿತ ಪರಿಹಾರಗಳಲ್ಲಿ ಹಲವು ನಿರ್ವಹಿತ ಲ್ಯಾಪ್‌ಟಾಪಿನಲ್ಲಿ ನಡೆಯುವುದೇ ಇಲ್ಲ.