ಟಿಎ-ಡಿಎ ಬೇರೆ ಕೊಡ್ತೀವಿ ಅಂದರೆ ಸಾಲದು, ದೂರದ ಚಾರ್ಟ್ ಕೇಳಿ

ಶಿವಮೊಗ್ಗ ಹೆಡ್‌ಕ್ವಾರ್ಟರ್, ಸ್ವಂತ ಬೈಕ್ ಕಡ್ಡಾಯ, ಸಂಬಳದ ಜೊತೆ ಟಿಎ-ಡಿಎ, ಅಂದರೆ ಪ್ರಯಾಣ ಭತ್ಯೆ ಮತ್ತು ದಿನದ ಭತ್ಯೆ. ಇಂಥ ಜಾಹೀರಾತು ನೋಡಿ ಇಂಟರ್‌ವ್ಯೂಗೆ ಹೊರಟವರು ದಯವಿಟ್ಟು ಇದನ್ನು ಓದಿ. ಅಡಿಕೆ ತೋಟಕ್ಕೆ ಬೇಕಾದ ಔಷಧಿ, ಗೊಬ್ಬರ ಮಾರುವ ಕಂಪನಿಯೊಂದರಲ್ಲಿ ನಾನು ಫೀಲ್ಡ್ ಕೆಲಸ ಮಾಡಿದ್ದೆ. ಕಂಪನಿ ಹೆಸರು ಇಲ್ಲಿ ಬೇಡ. ಅವರು ಲೆಕ್ಕ ಹಾಕಿದ ರೀತಿ ನಿಮಗೆ ಗೊತ್ತಾದರೆ ಸಾಕು.

ಫೀಲ್ಡ್ ಕೆಲಸದಲ್ಲಿ ಊರುಗಳನ್ನು ಮೂರು ಥರ ವಿಂಗಡಿಸುತ್ತಾರೆ. ನೀವಿರುವ ಊರು ಹೆಡ್‌ಕ್ವಾರ್ಟರ್. ಹೋಗಿ ಅದೇ ದಿನ ವಾಪಸ್ ಬರುವ ಊರು ಎಕ್ಸ್-ಸ್ಟೇಷನ್. ರಾತ್ರಿ ಉಳಿಯುವ ಊರು ಔಟ್‌ಸ್ಟೇಷನ್. ಮೂರಕ್ಕೂ ದಿನದ ಭತ್ಯೆ ಬೇರೆ ಬೇರೆ. ಲಾಡ್ಜ್ ಖರ್ಚು ಸಿಗುವುದು ಕೊನೆಯದಕ್ಕೆ ಮಾತ್ರ. ಇಂಟರ್‌ವ್ಯೂನಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲ ಔಟ್‌ಸ್ಟೇಷನ್ ಅಂತ ಬಾಯಲ್ಲಿ ಹೇಳಿದರು. ನೇಮಕಾತಿ ಪತ್ರದಲ್ಲಿ 'ಕಂಪನಿ ನಿಯಮದ ಪ್ರಕಾರ' ಅಂತ ಒಂದೇ ಸಾಲು ಇತ್ತು. ಮೊದಲ ತಿಂಗಳ ಕ್ಲೇಮ್ ಹಾಕಿದಾಗ ಮೂರೂ ಎಕ್ಸ್-ಸ್ಟೇಷನ್ ಆಗಿದ್ದವು. ತೀರ್ಥಹಳ್ಳಿ ಬರೀ 60 ಕಿ.ಮೀ., ಸಂಜೆ ವಾಪಸ್ ಬರಬಹುದಲ್ಲ ಅಂದರು.

ಬರಬಹುದು, ತೀರ್ಥಹಳ್ಳಿ ಪೇಟೆಯ ಅಂಗಡಿಗಳನ್ನಷ್ಟೇ ನೋಡಿಕೊಂಡು ಬರುವುದಾದರೆ. ನಮ್ಮ ಕೆಲಸ ಇದ್ದದ್ದು ಕೋಣಂದೂರು, ಕಟ್ಟೆಹಕ್ಕಲು, ಮೇಗರವಳ್ಳಿ ಕಡೆಯ ತೋಟಗಳಲ್ಲಿ. ಮಲೆನಾಡಿನಲ್ಲಿ ಊರು ಅಂದರೆ ಒಂದೇ ಕಡೆ ಮನೆಗಳಿರುವುದಿಲ್ಲ. ಒಂದು ಮನೆ ಇಲ್ಲಿ, ಇನ್ನೊಂದು ಗುಡ್ಡದ ಆಚೆ. ತೋಟದ ಯಜಮಾನರು ಕೂತು ಮಾತಾಡಲು ಸಿಗುವುದೇ ಸಂಜೆ ಹೊತ್ತಿಗೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಬೇರೆ, ಅಂದರೆ ಜಡಿಮಳೆಯ ಕಾಲ. ಆ ಮಳೆಯಲ್ಲಿ, ಆ ಕತ್ತಲಲ್ಲಿ, ಮಂಡಗದ್ದೆಯ ಕಾಡು ದಾರಿಯಲ್ಲಿ ಬೈಕ್ ಓಡಿಸಿಕೊಂಡು ವಾಪಸ್ ಬನ್ನಿ ಅನ್ನುವುದು ಬೆಂಗಳೂರಿನಲ್ಲಿ ಕೂತವರಿಗೆ ಸುಲಭ. ನಾನು ತೀರ್ಥಹಳ್ಳಿಯಲ್ಲೇ ಉಳಿದೆ. ಲಾಡ್ಜ್ ಬಿಲ್ಲುಗಳು ಒಂದೊಂದಾಗಿ ರಿಜೆಕ್ಟ್ ಆದವು.

ಕಿಲೋಮೀಟರ್ ಲೆಕ್ಕ ಇದಕ್ಕಿಂತ ಕೆಟ್ಟದಾಗಿತ್ತು. ಮೊಬೈಲ್‌ನಲ್ಲಿ ಒಂದು ಆಪ್ ಹಾಕಿಸಿದ್ದರು. ನೀವು ಹೋದಲ್ಲೆಲ್ಲ ಅದು ಜಾಗ ಗುರುತು ಮಾಡಿಕೊಂಡು ದೂರ ಲೆಕ್ಕ ಹಾಕುತ್ತದೆ ಅಂತ. ಆಗುಂಬೆ, ಹೊಸನಗರ ತಾಲೂಕಿನ ನಗರ ಕಡೆ ಓಡಾಡಿದವರಿಗೆ ಗೊತ್ತು, ಎಷ್ಟೋ ಕಡೆ ನೆಟ್‌ವರ್ಕ್ ಇರುವುದಿಲ್ಲ. ನೆಟ್‌ವರ್ಕ್ ಹೋದ ಜಾಗಕ್ಕೂ ಮತ್ತೆ ಬಂದ ಜಾಗಕ್ಕೂ ನಡುವೆ ಆ ಆಪ್ ಸುಮ್ನೆ ಒಂದು ಗೆರೆ ಎಳೆಯುತ್ತಿತ್ತು. ಘಾಟಿಯ ತಿರುವು, ಗುಡ್ಡದ ಸುತ್ತು ಯಾವುದೂ ಲೆಕ್ಕಕ್ಕಿಲ್ಲ.

ಒಂದು ಸಲ ಲಿಂಗನಮಕ್ಕಿ ಹಿನ್ನೀರಿನ ಆಚೆಗಿರುವ ತುಮರಿ ಕಡೆ ಹೋಗಿದ್ದೆ. ಸಿಗಂದೂರು ಸೇತುವೆ ಓಪನ್ ಆದದ್ದು 2025ರ ಜುಲೈನಲ್ಲಿ. ಅದಕ್ಕೂ ಮುಂಚೆ ಅಂಬಾರಗೋಡ್ಲುವಿನಲ್ಲಿ ಬೈಕನ್ನು ಲಾಂಚ್‌ಗೆ ಹತ್ತಿಸಿ ದಾಟಬೇಕಿತ್ತು. ಅವತ್ತು ಸಂಜೆಯ ಕೊನೆ ಲಾಂಚ್ ಹೊರಟುಹೋಗಿತ್ತು. ನಿಟ್ಟೂರು, ನಗರ, ಹೊಸನಗರ ಅಂತ ಹಿನ್ನೀರನ್ನು ಪೂರ್ತಿ ಸುತ್ತಿಕೊಂಡು ಬಂದೆ. ಆಪ್‌ನಲ್ಲಿ ನೋಡಿದರೆ ತುಮರಿಯಿಂದ ಸಾಗರಕ್ಕೆ ನೀರಿನ ಮೇಲೆ ನೇರ ಗೆರೆ. ಅಕೌಂಟ್ಸ್‌ನವರಿಗೆ ಫೋನ್ ಮಾಡಿದೆ.

"ಸಿಸ್ಟಮ್‌ನಲ್ಲಿ ಇಷ್ಟೇ ತೋರಿಸ್ತಿದೆ."

"ಸರ್, ಅಲ್ಲಿ ಲಿಂಗನಮಕ್ಕಿ ಹಿನ್ನೀರಿದೆ. ಬೈಕ್ ಹೇಗೆ ಹೋಗುತ್ತೆ?"

"ಮ್ಯಾಪ್‌ನಲ್ಲಿ ಇಲ್ಲದ ದೂರಕ್ಕೆ ನಾವು ಹೇಗೆ ಕೊಡೋದು?"

ಆ ಮಾತು ಈಗ ನೆನೆದರೂ ಸಿಟ್ಟು ಬರುತ್ತದೆ. ಸುತ್ತಿ ಬಂದ ದೂರದ ಪೆಟ್ರೋಲ್ ನನ್ನ ಜೇಬಿನಿಂದಲೇ ಹೋಯಿತು.

ಇದರಲ್ಲಿ ಎಷ್ಟು ನಷ್ಟ ಅಂತ ಒಂದು ಮಾಮೂಲಿ ದಿನದ ಲೆಕ್ಕ ನೋಡಿ. ಕಂಪನಿ ದರ ಕಿ.ಮೀ.ಗೆ 3 ರೂಪಾಯಿ. ಬೈಕ್ ಲೀಟರಿಗೆ 45 ಕಿ.ಮೀ. ಕೊಡುತ್ತದೆ ಅಂತ ಇಟ್ಟುಕೊಳ್ಳಿ. 135 ಕಿ.ಮೀ. ಓಡಿದರೆ 3 ಲೀಟರ್ ಬೇಕು, ಅಂದರೆ 300 ರೂಪಾಯಿಗೂ ಜಾಸ್ತಿ. ಆಪ್ 90 ಕಿ.ಮೀ. ತೋರಿಸಿದರೆ ಸಿಗುವುದು 270. ಪೆಟ್ರೋಲ್ ಕಾಸೂ ಹುಟ್ಟಲಿಲ್ಲ. ಟೈರು, ಚೈನ್, ಬ್ರೇಕ್, ಸರ್ವಿಸ್ ಎಲ್ಲ ನಿಮ್ಮದೇ. ಮಲೆನಾಡಿನ ಕೆಸರಿನಲ್ಲಿ ಚೈನ್ ಎಷ್ಟು ಬೇಗ ಸವೆಯುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ? 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಜಾಸ್ತಿ ಆಯಿತು. ಕಂಪನಿಯ ದರ ಅಲ್ಲಾಡಲಿಲ್ಲ.

ಇನ್ನೊಂದು ವಿಷಯ, ಹೊಸಬರಿಗೆ ಇದು ಹೊಳೆಯುವುದೇ ಇಲ್ಲ. 'ಕೈಗೆ ಇಷ್ಟು ಬರುತ್ತೆ' ಅಂತ ಹೇಳುವ ಮೊತ್ತದಲ್ಲಿ ಟಿಎ-ಡಿಎ ಸೇರಿಸಿರುತ್ತಾರೆ. ಅದು ಖರ್ಚಿಗೆ ಕೊಡುವ ದುಡ್ಡು, ಆದಾಯ ಅಲ್ಲ. ಅದರ ಮೇಲೆ ಪಿಎಫ್ ಕಟ್ಟುವುದಿಲ್ಲ, ಗ್ರಾಚ್ಯುಟಿ ಲೆಕ್ಕಕ್ಕೂ ಬರುವುದಿಲ್ಲ. ಬಾಕಿ ವಸೂಲಿಗೂ ಇದೇ ತೊಡಕು. ನಾನು ಕೆಲಸ ಬಿಟ್ಟಾಗ ಕ್ಲೇಮ್ ಬಾಕಿ ಇತ್ತು. ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆ ಪ್ರಯಾಣ ಭತ್ಯೆಯನ್ನು ವೇತನದಿಂದ ಹೊರಗೇ ಇಟ್ಟಿತ್ತು. ಬಾಕಿ ಸಂಬಳ ಅಂತ ಅದನ್ನು ಕೇಳುವ ಹಾಗಿರಲಿಲ್ಲ. "ದರ, ದೂರ ಬರೆದುಕೊಟ್ಟ ಕಾಗದ ಏನಾದರೂ ಇದೆಯೇನಪ್ಪಾ?" ಅಂದರು. ಕಂಪನಿ ಅಂಥ ಕಾಗದ ಯಾರಿಗೂ ಕೊಟ್ಟಿರಲೇ ಇಲ್ಲ.

ಹಾಗಾಗಿ ಸೇರುವ ಮುಂಚೆಯೇ ದರ ಮತ್ತು ದೂರದ ಚಾರ್ಟ್ ಕೇಳಿ. ಫೇರ್ ಚಾರ್ಟ್ ಅಂತ ಕೇಳಿದರೆ ಎಚ್‌ಆರ್‌ನವರಿಗೆ ಅರ್ಥವಾಗುತ್ತದೆ. ಯಾವ ಊರು ಔಟ್‌ಸ್ಟೇಷನ್, ತಾಲೂಕಿನ ಒಳಗಿನ ಓಡಾಟಕ್ಕೆ ಕಿಲೋಮೀಟರ್ ಕೊಡುತ್ತಾರೋ ಇಲ್ಲವೋ, ಆಪ್ ತಪ್ಪು ತೋರಿಸಿದರೆ ಬೈಕಿನ ಮೀಟರ್ ಒಪ್ಪುತ್ತಾರಾ, ಇಷ್ಟನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ಆ ಕೆಲಸಕ್ಕೆ ನಿಮ್ಮ ಬೈಕ್ ತೆಗೆಯಬೇಡಿ. ಈಗಾಗಲೇ ಸೇರಿದ್ದರೆ ಬೆಳಿಗ್ಗೆ ಹೊರಡುವಾಗ, ರಾತ್ರಿ ನಿಲ್ಲಿಸುವಾಗ ಮೀಟರಿನ ಫೋಟೋ ತೆಗೆದು ಅವತ್ತೇ ಮ್ಯಾನೇಜರ್‌ಗೆ ಕಳಿಸಿ. ಮತ್ತೆ, ರಾಜೀನಾಮೆ ಕಳಿಸುವ ಮೊದಲು ಆಪ್‌ನಲ್ಲಿರುವ ಕ್ಲೇಮ್‌ಗಳ ಸ್ಕ್ರೀನ್‌ಶಾಟ್ ಎಲ್ಲ ಸ್ವಂತ ಇಮೇಲ್‌ಗೆ ಹಾಕಿಟ್ಟುಕೊಳ್ಳಿ. ನನ್ನ ಲಾಗಿನ್ ರಾಜೀನಾಮೆ ಕೊಟ್ಟ ಸಂಜೆಯೇ ಬಂದ್ ಆಯಿತು.