ಸೀಸವಿಲ್ಲದ ಪೆರೋವ್‌ಸ್ಕೈಟ್: ಎಕ್ಸ್‌ರೇನಾ, ಎನ್‌ಎಂಆರಾ?

ಪೆರೋವ್‌ಸ್ಕೈಟ್ ಅಂದರೆ ಸೌರಕೋಶದಂಥವುಗಳಿಗೆ ಬಳಸಲು ನೋಡುತ್ತಿರುವ ಒಂದು ಬಗೆಯ ಹರಳು. ಸೀಸದ ಬದಲು ತವರ ಅಥವಾ ಬಿಸ್ಮತ್ ಹಾಕಿ ಮಾಡಿದ್ದರ ರಚನೆ ತಿಳಿಯಲು ಯಾವ ಪರೀಕ್ಷೆ ಮಾಡಿಸಬೇಕು ಎಂಬುದು ಪ್ರಶ್ನೆ. ಮೊದಲು ಎಕ್ಸ್‌ರೇ ಡಿಫ್ರಾಕ್ಷನ್ (ಹರಳಿನಿಂದ ಚದುರಿದ ಎಕ್ಸ್‌ರೇ ನೋಡಿ ರಚನೆ ತಿಳಿಯುವ ವಿಧಾನ) ಮಾಡಿಸಿ, ಅದರಲ್ಲಿ ಯೋಚನೆ ಬೇಡ. ಬೇಗ ಮುಗಿಯುತ್ತದೆ. ಆದರೆ ಅದು ಕೊಡುವುದು ಇಡೀ ಹರಳಿನ ಸರಾಸರಿ ಚಿತ್ರ. ಹರಳಾಗದೆ ಉಳಿದ ಭಾಗ ಅದಕ್ಕೆ ಸುಲಭವಾಗಿ ಸಿಗಲ್ಲ.

ಪರಮಾಣುವಿನ ಅಕ್ಕಪಕ್ಕ ಏನಿದೆ ಎಂದು ತಿಳಿಯಲು ಘನಸ್ಥಿತಿ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಿಗ್ನಲ್ ಓದುವ ವಿಧಾನ) ಬೇಕು. ತವರದ ಹರಳಾದರೆ ನನ್ನ ಓಟು ಇದಕ್ಕೇ. ಇಲ್ಲಿ ಓದುವ ಐಸೊಟೋಪ್ ತವರ-119, ಪ್ರಕೃತಿಯ ತವರದಲ್ಲಿ ಶೇ 8.6ರಷ್ಟೇ ಇದ್ದರೂ ಸಿಗ್ನಲ್ ಚೆನ್ನಾಗಿದೆ. ಗಾಳಿ ತಾಗಿ ತವರ(2) ಆಕ್ಸಿಡೀಕರಣಗೊಂಡು ತವರ(4) ಆಗಿದ್ದರೆ, ಅದರ ಸಿಗ್ನಲ್ ಗೆರೆ ಬೇರೆ ಜಾಗದಲ್ಲಿ ಕಾಣುತ್ತದೆ. ತವರದ ದೊಡ್ಡ ಕಾಟವೇ ಅದು, ಅಲ್ವಾ?

ಬಿಸ್ಮತ್-209 ಮಾತ್ರ ತಲೆನೋವು, ಗೆರೆ ಸಾಮಾನ್ಯವಾಗಿ ತೀರಾ ಅಗಲ. ಆ ಹರಳಿನಲ್ಲಿ ಸೀಸಿಯಂ ಇದ್ದರೆ ಸೀಸಿಯಂ-133 ನೋಡಿ. ಪ್ರಕೃತಿಯ ಸೀಸಿಯಂ ಪೂರ್ತಿ ಅದೇ, ಗೆರೆಯೂ ಚೂಪು. ಬೆಂಗಳೂರಿನಲ್ಲಿದ್ದರೆ ಐಐಎಸ್‌ಸಿಯ ಎನ್‌ಎಂಆರ್ ಕೇಂದ್ರದಲ್ಲಿ ವಿಚಾರಿಸಿ. ತವರದ ಹರಳಿನ ಪುಡಿಯನ್ನು ಮಾತ್ರ ಗ್ಲೋವ್ ಬಾಕ್ಸ್ (ಗಾಳಿ ತಾಗದ ಪೆಟ್ಟಿಗೆ) ಒಳಗೇ ರೋಟರ್‌ಗೆ (ಎನ್‌ಎಂಆರ್‌ನಲ್ಲಿ ತಿರುಗಿಸುವ ಪುಟ್ಟ ಕೊಳವೆ) ತುಂಬಿ.