ಕೋಲ್ಡ್ ಪ್ಲಾಸ್ಮಾನಾ, ಹೈ ಪ್ರೆಶರಾ? ಮಾಂಸಕ್ಕೆ ಯಾವುದು ಸರಿ

ಮಾಂಸದಲ್ಲಿರುವ ಬ್ಯಾಕ್ಟೀರಿಯಾ ಕೊಲ್ಲಲು ಇವು ಎರಡು ದಾರಿ. ಎರಡರಲ್ಲೂ ಮಾಂಸ ಬೇಯುವಷ್ಟು ಬಿಸಿ ಇಲ್ಲ. ಕೋಲ್ಡ್ ಪ್ಲಾಸ್ಮಾದಲ್ಲಿ ಗಾಳಿಗೆ ಹೈ ವೋಲ್ಟೇಜ್ ಕೊಡುತ್ತಾರೆ. ಆಗ ಹುಟ್ಟುವ ಓಜೋನ್‌ನಂಥವು ಬ್ಯಾಕ್ಟೀರಿಯಾದ ಹೊರಪದರವನ್ನೇ ಹಾಳುಮಾಡುತ್ತವೆ. ಆದರೆ ಕೆಲಸವೆಲ್ಲ ಮೇಲ್ಮೈಯಲ್ಲಿ. ಇಡೀ ತುಂಡಿಗೆ ಪರವಾಗಿಲ್ಲ. ಖೀಮಾದಲ್ಲಿ ಬ್ಯಾಕ್ಟೀರಿಯಾ ಒಳಗೂ ಬೆರೆತಿರುತ್ತದೆ ಅಲ್ವಾ? ಕೊಬ್ಬು ಜಾಸ್ತಿ ಇರುವ ಮಾಂಸವನ್ನು ತುಂಬಾ ಹೊತ್ತು ಒಡ್ಡಿದರೆ ಕಮಟು ವಾಸನೆಯೂ ಬರಬಹುದು.

ಹೈ ಪ್ರೆಶರ್‌ನಲ್ಲಿ ಪ್ಯಾಕ್ ಮಾಡಿದ ಮಾಂಸವನ್ನು ನೀರಿನಲ್ಲಿಟ್ಟು 600 ಮೆಗಾಪ್ಯಾಸ್ಕಲ್‌ವರೆಗೂ ಒತ್ತುತ್ತಾರೆ. ಆ ಒತ್ತಡ ತುಂಡಿನ ಒಳಗೂ ಮುಟ್ಟುತ್ತದೆ. ಹಸಿ ಮಾಂಸ ಮಾತ್ರ ಬೆಂದ ಹಾಗೆ ಬಿಳಿಚಿಕೊಳ್ಳುತ್ತದೆ. ಯಂತ್ರವೂ ಬಲು ದುಬಾರಿ.

ಹ್ಯಾಮ್, ಸಾಸೇಜ್ ಮಾರುವವರಿಗೆ ನನ್ನ ಓಟು ಹೈ ಪ್ರೆಶರ್‌ಗೆ. ಮಾರುಕಟ್ಟೆಯಲ್ಲಿ ಪಳಗಿರುವುದು ಅದೇ. ಹಸಿ ಮಾಂಸದವರು ಪ್ಲಾಸ್ಮಾವನ್ನು ಮೊದಲು ಸ್ವಲ್ಪ ಮಾಂಸಕ್ಕೆ ಕೊಟ್ಟು, ಬಣ್ಣ ನೋಡಿ. ಯಾವುದನ್ನೇ ಆರಿಸಿದರೂ 4 ಡಿಗ್ರಿಯೊಳಗಿನ ಫ್ರಿಜ್ ಬಿಡುವಂತಿಲ್ಲ.